ನೈಟ್ ಶಿಫ್ಟ್‌ನವರು ವ್ಯಾಯಾಮ ಮಾಡುವುದು ಯಾವ ಹೊತ್ತಿಗೆ? ಹೊಸೂರಿನಿಂದ ಒಂದು ಲೆಕ್ಕಾಚಾರ

ವ್ಯಾಯಾಮದ ಬಗ್ಗೆ ಸಿಗುವ ಸಲಹೆ ಬಹುಪಾಲು ಹಗಲು ಕೆಲಸದವರಿಗಾಗಿಯೇ ಇರುತ್ತದೆ. ಬೆಳಗ್ಗೆ 5ಕ್ಕೆ ಏಳಿ, ಬಿಸಿನೀರು ಕುಡಿಯಿರಿ, ಮುಕ್ಕಾಲು ಗಂಟೆ ನಡೆಯಿರಿ. ಸರಿ. ಆದರೆ ಬೆಳಗ್ಗೆ 5ಕ್ಕೆ ತಮಿಳುನಾಡಿನ ಗಡಿಯೂರು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಲೈನ್ ಮುಂದೆ ನಿಂತು, ಇನ್ನೊಂದು ಗಂಟೆ ಹೇಗಾದರೂ ತಳ್ಳಿದರೆ ಸಾಕು ಎಂದುಕೊಳ್ಳುತ್ತಿರುವವರು ಏನು ಮಾಡಬೇಕು?

ಹೊಸೂರಿಗೆ ನೈಟ್ ಶಿಫ್ಟ್ ಹೊಸದಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಶುರುವಾಯಿತು. ಮುಂದಿನ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬೆಳೆದವು. ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ‘ಅಪ್ಪ ಮಲಗಿದ್ದಾರೆ, ಗಲಾಟೆ ಮಾಡಬೇಡಿ’ ಎಂದು ಕೇಳಿಕೊಂಡೇ ಮಕ್ಕಳು ದೊಡ್ಡವರಾದರು. ಈಗ ಬದಲಾಗಿರುವುದು ಎರಡು. ಮೊಬೈಲ್ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಬಂದ ಮೇಲೆ ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳು ಜಾಸ್ತಿಯಾಗಿದ್ದಾರೆ. ಇನ್ನೊಂದು ಕಡೆ, ಅತ್ತಿಬೆಲೆ ಗಡಿ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಅಮೆರಿಕದ ಹಗಲಿಗೆ ಹೊಂದಿಕೊಂಡು ಇಲ್ಲಿ ರಾತ್ರಿಯಿಡೀ ಕೂತು ಕೆಲಸ ಮಾಡುವವರು ಹೊಸೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಹಿಂದೆ ಗಂಡನಿಗೆ ಶಿಫ್ಟ್, ಹೆಂಡತಿಗೆ ಮನೆ. ಈಗ ಇಬ್ಬರಿಗೂ ಶಿಫ್ಟ್, ಮನೆ ಮಾತ್ರ ಇನ್ನೂ ಹೆಂಡತಿಗೇ.

ಇಂಥವರು ವ್ಯಾಯಾಮ ಮಾಡದೇ ಇರುವುದಕ್ಕೆ ಕಾರಣ ಸೋಮಾರಿತನ ಎಂದು ಹೇಳುವುದು ಸುಲಭ. ಟೈಮ್ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. ವಾರದಲ್ಲಿ 168 ಗಂಟೆಗಳಿವೆ. ಅದರಲ್ಲಿ ಎರಡೂವರೆ ಗಂಟೆ ಹುಡುಕಿದರೆ ಸಿಗುತ್ತದೆ. ಸಿಗದೇ ಇರುವುದು ಆ ಎರಡೂವರೆ ಗಂಟೆಯಲ್ಲಿ ಮೈಯಲ್ಲಿ ಇರಬೇಕಾದ ಶಕ್ತಿ. ಆ ಶಕ್ತಿ ಬರುವುದು ನಿದ್ದೆಯಿಂದ. ಹಾಗಾಗಿ ನನ್ನ ವಾದ ಇಷ್ಟೇ: ನೈಟ್ ಶಿಫ್ಟ್‌ನವರು ವ್ಯಾಯಾಮವನ್ನು ಗಡಿಯಾರಕ್ಕೆ ಕಟ್ಟಬಾರದು, ನಿದ್ದೆಗೆ ಕಟ್ಟಬೇಕು. ಆ ನಿದ್ದೆಯನ್ನು ಕಾಯುವ ಕೆಲಸ ಅವರೊಬ್ಬರದ್ದಲ್ಲ. ಅದರಲ್ಲಿ ಮನೆಯವರ ಪಾಲಿದೆ, ಕಂಪನಿಯ ಪಾಲೂ ಇದೆ.

ಮೈಯೊಳಗಿನ ಗಡಿಯಾರ

ಹಗಲು ಮಲಗಿ ಎಂಟು ಗಂಟೆ ನಿದ್ದೆ ಮುಗಿಸುತ್ತೇನೆ ಎಂದುಕೊಂಡವರಿಗೆ ಸಾಮಾನ್ಯವಾಗಿ ಐದಾರು ಗಂಟೆಗೇ ಎಚ್ಚರವಾಗುತ್ತದೆ. ಬೀದಿಯ ಗಲಾಟೆಯೊಂದೇ ಕಾರಣವಲ್ಲ. ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ. ಅದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಟೈಮ್ ಸರಿಮಾಡಿಕೊಳ್ಳುತ್ತದೆ. ಜೀವಕೋಶದ ಒಳಗೆ ಈ ಗಡಿಯಾರ ಹೇಗೆ ಓಡುತ್ತದೆ ಎಂದು ಕಂಡುಹಿಡಿದ ಹಾಲ್, ರೋಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಮೈಯ ಬಿಸಿ ನಸುಕಿನ ನಾಲ್ಕೈದು ಗಂಟೆಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಲೈನಿನಲ್ಲಿ ಕಣ್ಣು ಎಳೆಯುವುದೂ ಆಗಲೇ. ಬೆಳಗಾದ ಮೇಲೆ ಬಿಸಿ ಏರುತ್ತಾ ಹೋಗುತ್ತದೆ. ಏರುವ ಹೊತ್ತಿನಲ್ಲಿ ಮಲಗಿದರೆ ನಿದ್ದೆ ಆಳವಾಗಿ ಬರುವುದಿಲ್ಲ, ಬಂದರೂ ಬೇಗ ಹರಿದುಹೋಗುತ್ತದೆ.

ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ಕಡೆ ಇದು ಇನ್ನೂ ಕಷ್ಟ. ಮೈ ಒಂದು ಪಾಳಿಗೆ ಹೊಂದಿಕೊಳ್ಳುವ ಮೊದಲೇ ಇನ್ನೊಂದು ಪಾಳಿ ಬಂದಿರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ ಎಂದು ಅಮೆರಿಕದ ನರ್ಸುಗಳನ್ನು ದಶಕಗಳ ಕಾಲ ಗಮನಿಸಿದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಭಾರತದಲ್ಲಿ ಈಗಾಗಲೇ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಸಮೀಕ್ಷೆ ಕೊಟ್ಟ ಲೆಕ್ಕ. ರಾತ್ರಿ ಪಾಳಿ ಕ್ಯಾನ್ಸರಿಗೆ ‘ಬಹುಶಃ ಕಾರಣ’ ಎಂಬ ಪಟ್ಟಿಯಲ್ಲೂ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹಾಗೆ ಹೇಳಿ 2019ರಲ್ಲಿ ಮತ್ತೆ ಅದನ್ನೇ ಉಳಿಸಿಕೊಂಡಿತು. ವಾಟ್ಸಾಪ್‌ನಲ್ಲಿ ಓಡಾಡುವಷ್ಟು ಭಯಪಡಬೇಕಾಗಿಲ್ಲ. ಆ ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ ಮಾಂಸವೂ ಸೇರುವ ‘ಕೆಂಪು ಮಾಂಸ’ ಅದೇ ಸಾಲಿನಲ್ಲಿದೆ.

ಇಷ್ಟೆಲ್ಲ ಇರುವುದರಿಂದಲೇ ಇವರಿಗೆ ವ್ಯಾಯಾಮ ಬೇರೆಯವರಿಗಿಂತ ಜಾಸ್ತಿ ಬೇಕು. ಮಾಡುವುದು ಕಷ್ಟವಾಗುವುದೂ ಇದರಿಂದಲೇ.

ಶಿಫ್ಟ್ ಬಿಟ್ಟ ಕೂಡಲೇ ಜಿಮ್ ಬೇಡ

ಬೆಳಗ್ಗೆ 6ಕ್ಕೆ ಪಂಚ್ ಮಾಡಿ ಹೊರಬಂದವರು ಹಾಗೇ ಜಿಮ್ಮಿಗೆ ಹೋಗುವುದನ್ನು ಈಚೆಗೆ ನೋಡುತ್ತಿದ್ದೇವೆ. ಮನೆಗೆ ಹೋದರೆ ಮತ್ತೆ ಏಳಲಾಗುವುದಿಲ್ಲ, ಅದಕ್ಕೇ ಮುಗಿಸಿಕೊಂಡೇ ಹೋಗೋಣ ಎಂಬ ಲೆಕ್ಕ. ಹುಡುಗರ ಉತ್ಸಾಹ ಅರ್ಥವಾಗುತ್ತದೆ. ಆದರೂ ಇದು ಒಳ್ಳೆಯ ಹೊತ್ತಲ್ಲ.

ಮೊದಲನೆಯದಾಗಿ, ಆ ಹೊತ್ತಿಗೆ ಅವರು ಎದ್ದು ಎಷ್ಟು ಗಂಟೆಯಾಗಿದೆ ನೋಡಿ. ಹಿಂದಿನ ದಿನ ಮಧ್ಯಾಹ್ನ 1ಕ್ಕೆ ಎದ್ದವರಿಗೆ ಬೆಳಗ್ಗೆ 6ಕ್ಕೆ 17 ಗಂಟೆ. ಸುಮಾರು 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದಿಂದಲೇ ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03. ಅಂದರೆ ಒಂದು ಹನಿಯೂ ಕುಡಿಯದೆ ಆ ಮಿತಿ ದಾಟಿದವರ ಸ್ಥಿತಿಯಲ್ಲಿ ಬೈಕ್ ಹತ್ತುತ್ತಿದ್ದೇವೆ, ಅದೂ ಲಾರಿಗಳು ಸಾಲುಗಟ್ಟಿದ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಅಂಥ ಹೊತ್ತಿನಲ್ಲಿ ಭಾರ ಎತ್ತಿದರೆ ಬೆನ್ನು ಹಿಡಿದುಕೊಳ್ಳುವುದು, ಮೊಣಕಾಲು ತಿರುಚಿಕೊಳ್ಳುವುದು ಆಶ್ಚರ್ಯವಲ್ಲ. ಮನೆಗೆ ಹೋಗಲು ಕಂಪನಿ ಬಸ್ಸು ಇದ್ದರೆ ಬೈಕಿಗಿಂತ ಅದೇ ವಾಸಿ.

ಎರಡನೆಯದಾಗಿ, ಜೋರಾದ ವ್ಯಾಯಾಮ ಮೈಯನ್ನು ಬಿಸಿ ಮಾಡುತ್ತದೆ, ಎದೆಬಡಿತ ಏರಿಸುತ್ತದೆ. ನಿದ್ದೆಗೆ ಬೇಕಾದದ್ದು ಇದರ ಉಲ್ಟಾ. ಮಲಗುವುದಕ್ಕೆ ಒಂದು ಗಂಟೆ ಇರುವಾಗ ಬೆವರು ಇಳಿಸಿದರೆ ನಿದ್ದೆ ಮುಂದಕ್ಕೆ ಹೋಗಬಹುದು. ಅದರ ಮೇಲೆ ಬೆಳಗಿನ ಬಿಸಿಲು ಬೇರೆ. ಆ ಬೆಳಕು ಕಣ್ಣಿಗೆ ಬಿದ್ದಷ್ಟೂ ಮೆದುಳು ‘ಬೆಳಗಾಯಿತು, ಏಳು’ ಎನ್ನುತ್ತದೆ. ಬಸ್ಸು ಇಳಿದು ಮನೆತನಕ ನಿಧಾನವಾಗಿ ಹತ್ತು ನಿಮಿಷ ನಡೆದರೆ ತೊಂದರೆಯಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬೀದಿಯವರು ನೋಡಿ ನಕ್ಕರೆ ನಗಲಿ.

ಹಾಗಾದರೆ ಯಾವಾಗ? ನಿದ್ದೆ ಮುಗಿದ ಮೇಲೆ. ಬೆಳಗ್ಗೆ ಎಂಟಕ್ಕೆ ಮಲಗಿ ಎರಡು, ಎರಡೂವರೆಗೆ ಎದ್ದವರಿಗೆ ಮೂರೂವರೆಯಿಂದ ಐದೂವರೆಯವರೆಗಿನ ಹೊತ್ತು ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಮೈಯ ಬಿಸಿ, ಹಿಡಿತದ ಬಲ, ಕೈಕಾಲಿನ ಹೊಂದಾಣಿಕೆ ಎಲ್ಲವೂ ಸಂಜೆಯ ಕಡೆಗೆ ಮೇಲಿರುತ್ತವೆ. ಇಲ್ಲಿ ಹೊಸೂರಿನವರಿಗೆ ಒಂದು ಅನುಕೂಲವೂ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಬಿಟ್ಟರೆ ಸಂಜೆ ನಾಲ್ಕರ ನಂತರ ನಡೆಯಲು ಹವೆ ಚೆನ್ನಾಗಿಯೇ ಇರುತ್ತದೆ. ಚಂದ್ರಚೂಡೇಶ್ವರನ ಬೆಟ್ಟ ಹತ್ತಿ ಇಳಿದರೆ ಕಾಲಿಗೂ ಎದೆಗೂ ಒಟ್ಟಿಗೆ ಕೆಲಸ ಸಿಗುತ್ತದೆ, ದೇವರ ದರ್ಶನ ಬೇರೆ. ಇದಕ್ಕೆ ಫೀಸೂ ಇಲ್ಲ. ಹೆಂಗಸರಿಗೆ ಕತ್ತಲೆಯ ಐದು ಗಂಟೆಯ ವಾಕಿಂಗಿಗಿಂತ ಸಂಜೆ ನಾಲ್ಕರ ಬೆಳಕು ಧೈರ್ಯದ ಹೊತ್ತು ಎನ್ನುವುದನ್ನೂ ಮರೆಯಬಾರದು. ಬೀದಿನಾಯಿಗಳ ಕಾಟವೂ ಆಗ ಕಡಿಮೆ.

ಕೆಲಸದ ನಡುವೆಯೂ ಸ್ವಲ್ಪ ಜಾಗ ಇದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ನಿಯಮ ಹಿಂದೆ ಇತ್ತು. 2020ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಐದು ನಿಮಿಷ, ಆರು ನಿಮಿಷ ಮಾಡಿದರೂ ಲೆಕ್ಕಕ್ಕೆ ಸೇರುತ್ತದೆ. ರಾತ್ರಿ ಊಟದ ಬ್ರೇಕಿನಲ್ಲಿ ಕ್ಯಾಂಟೀನಿನಿಂದ ಹೊರಬಂದು ಗೇಟಿನ ತನಕ ಎರಡು ಸುತ್ತು ಹಾಕಿದರೆ ಎರಡು ಲಾಭ. ತೂಕಡಿಕೆ ಹೋಗುತ್ತದೆ, ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ರಾತ್ರಿ ತಿಂದದ್ದನ್ನು ಮೈ ಹಗಲಿನಷ್ಟು ಚೆನ್ನಾಗಿ ಸಂಭಾಳಿಸುವುದಿಲ್ಲ. ಅದಕ್ಕೇ ದೊಡ್ಡ ಊಟವನ್ನು, ಮುದ್ದೆಯೋ ಅನ್ನವೋ, ಮನೆ ಬಿಡುವ ಮೊದಲೇ ಮುಗಿಸಿ, ರಾತ್ರಿ ಎರಡು ಗಂಟೆಗೆ ಹಗುರವಾಗಿ ತಿನ್ನುವುದು ಮೇಲು. ಟೀ ವಿಷಯವೂ ಅಷ್ಟೇ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ನಸುಕಿನ ನಾಲ್ಕು ಗಂಟೆಯ ಟೀ, ಬೆಳಗ್ಗೆ ಒಂಬತ್ತು ಗಂಟೆಯ ನಿದ್ದೆಗೆ ಅಡ್ಡ ಬರುತ್ತದೆ.

‘ನಾನು ಎಂಟು ಗಂಟೆ ನಿಂತೇ ಇರುತ್ತೇನೆ, ಇನ್ಯಾಕೆ ವ್ಯಾಯಾಮ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದೇ ಕಡೆ ನಿಂತು ಒಂದೇ ಕೈ ಕೆಲಸ ಮಾಡುವುದರಿಂದ ಕಾಲು ಸೋಲುತ್ತದೆ, ಎದೆಬಡಿತ ಏರುವುದಿಲ್ಲ. ಇಂಥವರಿಗೆ ನಡಿಗೆಗಿಂತ ಬೇಕಾದದ್ದು ತೊಡೆ, ಬೆನ್ನು, ಭುಜಕ್ಕೆ ಬಲ ಕೊಡುವ ಚಟುವಟಿಕೆ. ಬೈಠಕ್, ಗೋಡೆಗೆ ಕೈಕೊಟ್ಟು ದಂಡ, ಹಿಮ್ಮಡಿ ಎತ್ತಿ ಇಳಿಸುವುದು. ಇದಕ್ಕೆ ಅಡುಗೆಮನೆಯಷ್ಟು ಜಾಗ ಸಾಕು. ಕ್ಯಾಬಿನಲ್ಲಿ ಹೋಗಿ ಕಂಪ್ಯೂಟರ್ ಮುಂದೆ ಕೂರುವವರಿಗೆ ಮಾತ್ರ ನಡಿಗೆಯೇ ಮೊದಲು.

ಏಳು ದಿನಕ್ಕೂ ಒಂದೇ ಟೈಮ್‌ಟೇಬಲ್ ಹಾಕಿಕೊಂಡವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಪಾಳಿಗೊಂದು ಟೈಮ್‌ಟೇಬಲ್ ಬೇಕು. ಬೆಳಗಿನ 6ರಿಂದ 2ರ ಶಿಫ್ಟ್ ಇದ್ದರೆ ಸಂಜೆ ಪೂರ್ತಿ ಕೈಯಲ್ಲಿದೆ, ಜಾಸ್ತಿ ಮಾಡುವ ವಾರ ಅದೇ. ಎರಡನೇ ಶಿಫ್ಟ್ ಇದ್ದರೆ ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಒಂಬತ್ತು ಹತ್ತರ ನಡುವೆ. ನೈಟ್ ವಾರದಲ್ಲಿ ಎದ್ದ ಮೇಲೆ ಇಪ್ಪತ್ತು ನಿಮಿಷ, ಅಷ್ಟೇ. ನೈಟ್‌ನಿಂದ ಬೇರೆ ಶಿಫ್ಟ್‌ಗೆ ಬದಲಾಗುವ ದಿನ ಸುಮ್ನೆ ಮಲಗುವುದೇ ಸರಿ. ನೈಟ್ ವಾರದಲ್ಲಿ ಕಡಿಮೆಯಾಯಿತು ಎಂದು ಕೊರಗಬೇಕಾಗಿಲ್ಲ. ವಾರದ ವ್ಯಾಯಾಮವನ್ನು ಒಂದೆರಡು ದಿನದಲ್ಲೇ ಮುಗಿಸುವವರಿಗೂ, ವಾರವೆಲ್ಲ ಹಂಚಿ ಮಾಡುವವರಿಗೂ ಸಿಗುವ ಲಾಭದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದು 2022ರ ನಂತರ ಬಂದ ದೊಡ್ಡ ಅಧ್ಯಯನಗಳು ಹೇಳುತ್ತಿವೆ. ಶಿಫ್ಟ್‌ನವರ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈಚೆಗೆ ಬಂದಿಲ್ಲ ಎಂದೇ ನನಗೆ ಅನಿಸುತ್ತದೆ.

ಮನೆಯ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದೆಲ್ಲ ‘ಬೆಳಗ್ಗೆ ಎಂಟಕ್ಕೆ ಮಲಗಿ’ ಎಂಬ ಮಾತಿನ ಮೇಲೆ ನಿಂತಿದೆ. ಎಂಟಕ್ಕೆ ಮಲಗುವವರು ಯಾರು?

ಗಂಡ ನೈಟ್ ಮುಗಿಸಿ ಬಂದರೆ ಕಾಫಿ ಕುಡಿದು, ತಿಂಡಿ ತಿಂದು, ಬಾಗಿಲು ಹಾಕಿಕೊಳ್ಳುತ್ತಾನೆ. ಹೆಂಡತಿ ಬಂದರೆ ಮೊದಲು ಮಕ್ಕಳ ಡಬ್ಬಿ, ಯೂನಿಫಾರಂ, ಸ್ಕೂಲ್ ವ್ಯಾನ್. ಆಮೇಲೆ ಪಾತ್ರೆ, ನೀರು ಬಿಡುವ ದಿನವಾದರೆ ನೀರು ಹಿಡಿಯುವುದು. ಮಲಗುವುದು ಹತ್ತೂವರೆಗೆ. ಎರಡೂವರೆಗೆ ಮಗು ಬರುತ್ತದೆ. ನಾಲ್ಕು ಗಂಟೆ ಮಲಗಿದವಳಿಗೆ ‘ಸಂಜೆ ಬೆಟ್ಟ ಹತ್ತಿ’ ಎಂದರೆ ಅದು ಸಲಹೆಯಲ್ಲ, ಅಣಕ.

2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಇದರ ಲೆಕ್ಕ ಸಿಗುತ್ತದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು ಕೊಡುವುದು 88 ನಿಮಿಷ. ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡಿ. ಅದೇ ವರ್ಷ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜಿನಲ್ಲಿ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಭಾರತದ ಹೆಂಗಸರಲ್ಲಿ ಸುಮಾರು 57 ಶೇಕಡಾ, ಗಂಡಸರಲ್ಲಿ 42. ದಿನಕ್ಕೆ ಐದು ಗಂಟೆ ಮನೆಯಲ್ಲಿ ದುಡಿಯುವವರೇ ಚಟುವಟಿಕೆ ಇಲ್ಲದವರ ಪಟ್ಟಿಯಲ್ಲಿ ಮುಂದೆ ಇದ್ದಾರೆ! ಒಂದು ಕಡೆ ಆಯಾಸ, ಇನ್ನೊಂದು ಕಡೆ ಎದೆಬಡಿತ ಏರುವಂಥ ಕೆಲಸವೇ ಇಲ್ಲ.

ನಮ್ಮ ಮನೆಗಳಲ್ಲಿ ಹಗಲು ನಿದ್ದೆಗೆ ಮರ್ಯಾದೆಯೂ ಕಡಿಮೆ. ಬಿಸಿಲು ನೆತ್ತಿಗೆ ಬಂದರೂ ಮಲಗಿದ್ದಾಳೆ ಎಂಬ ಮಾತು ಸೊಸೆಯ ಬಗ್ಗೆ ಬರುವಷ್ಟು ಬೇಗ ಮಗನ ಬಗ್ಗೆ ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಾಸಿಗೆಯಲ್ಲಿರಬಾರದು, ಶುಕ್ರವಾರ ತಡವಾಗಿ ಏಳಬಾರದು. ಇವೆಲ್ಲ ರಾತ್ರಿ ಮಲಗುವವರು ಮಾಡಿಕೊಂಡ ನಿಯಮಗಳು. ಅತ್ತೆಯ ಜೊತೆ ಜಗಳ ಆಡಬೇಕಾಗಿಲ್ಲ. ‘ಅತ್ತೆ, ನನಗೆ ಈಗ ರಾತ್ರಿ ಹನ್ನೆರಡು ಗಂಟೆ ಇದ್ದಂಗೆ’ ಎಂದು ಒಮ್ಮೆ ನಗುತ್ತಾ ಹೇಳಿದರೆ ಎಷ್ಟೋ ಮನೆಗಳಲ್ಲಿ ಕೆಲಸ ಆಗುತ್ತದೆ. ಈ ಮಾತನ್ನು ಗಂಡನೇ ಹೇಳಿದರೆ ಇನ್ನೂ ಬೇಗ ಆಗುತ್ತದೆ. ಅದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಎಲ್ಲ ಕೆಲಸವನ್ನೂ ಸಮವಾಗಿ ಹಂಚಿಕೊಳ್ಳಿ ಎಂದು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಒಂದೇ ಒಂದನ್ನು ಬದಲಾಯಿಸಿ: ಹೆಂಡತಿಗೆ ನೈಟ್ ಇರುವ ವಾರ ಬೆಳಗಿನ ಡಬ್ಬಿ ಅವಳದ್ದಲ್ಲ. ಗಂಡನೋ, ಅತ್ತೆಯೋ, ಹಿಂದಿನ ಸಂಜೆಯೇ ಹುರಿದಿಟ್ಟ ಚಿತ್ರಾನ್ನದ ಗೊಜ್ಜೋ, ಯಾವುದಾದರೂ ಆಗಲಿ. ಇದೊಂದರಿಂದಲೇ ಮಲಗುವ ಹೊತ್ತು ಹತ್ತೂವರೆಯಿಂದ ಎಂಟೂವರೆಗೆ ಬರುತ್ತದೆ. ಆ ಎರಡು ಗಂಟೆ ಸಿಕ್ಕ ಮೇಲೆ ವ್ಯಾಯಾಮದ ಮಾತು ಎತ್ತಬಹುದು. ಅದಕ್ಕೂ ಮೊದಲು ಆಕೆಗೆ ನಾನು ವ್ಯಾಯಾಮ ಮಾಡು ಎನ್ನುವುದಿಲ್ಲ, ಮಲಗು ಎನ್ನುತ್ತೇನೆ.

ಗಂಡ ಹೆಂಡತಿ ಬೇಕೆಂದೇ ಬೇರೆ ಬೇರೆ ಶಿಫ್ಟ್ ಹಾಕಿಸಿಕೊಂಡ ಮನೆಗಳೂ ಇವೆ. ಮಗುವಿನ ಜೊತೆ ಯಾರಾದರೂ ಒಬ್ಬರು ಇರಬೇಕಲ್ಲ. ಅಲ್ಲಿ ಇಬ್ಬರೂ ಮನೆಯಲ್ಲಿರುವ ಹೊತ್ತು ದಿನಕ್ಕೆ ಎರಡು ಮೂರು ಗಂಟೆ ಸಿಗುತ್ತದೆ. ಅದರಲ್ಲಿ ಅರ್ಧ ಗಂಟೆ ಒಬ್ಬರಿಗೆ, ಮಾರನೇ ದಿನ ಇನ್ನೊಬ್ಬರಿಗೆ ಎಂದು ಬಿಟ್ಟುಕೊಡುವುದು ನಡೆಯುವ ದಾರಿ. ಮಗುವನ್ನೂ ಕರೆದುಕೊಂಡು ಹೋದರೆ ಜಗಳವೇ ಇಲ್ಲ. ಟ್ಯೂಷನ್ನಿಗೆ ಸ್ಕೂಟಿಯಲ್ಲಿ ಬಿಡುವ ಬದಲು ನಡೆಸಿಕೊಂಡು ಹೋಗುವುದು, ಸಂಜೆ ಶಟಲ್ ಆಡುವುದು, ಎರಡೂ ವ್ಯಾಯಾಮವೇ. ಮಗು ನಿಮ್ಮನ್ನು ನೋಡುವ ಹೊತ್ತೂ ಅದೇ.

ಗಡಿಯ ಎರಡು ಕಡೆ ಎರಡು ಕಾನೂನು

ಮನೆಯಲ್ಲಿ ಎಷ್ಟು ಹೊಂದಿಸಿಕೊಂಡರೂ ಕೆಲಸದ ಗಂಟೆಗಳೇ ಉದ್ದವಾದರೆ ಏನೂ ಮಾಡಲಾಗುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇತ್ತು. 2023ರಲ್ಲಿ ಅತ್ತಿಬೆಲೆಯ ಆಚೆ ಈಚೆ ಎರಡು ಬೇರೆ ಕಥೆಗಳು ನಡೆದವು. ಕರ್ನಾಟಕ ಕಾಯ್ದೆ ತಿದ್ದಿ, ವಾರದ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೆ ದುಡಿಸಲು, ಹೆಂಗಸರಿಗೆ ರಾತ್ರಿ ಪಾಳಿ ಕೊಡಲು ದಾರಿ ಮಾಡಿತು. ತಮಿಳುನಾಡು ಅದೇ ವರ್ಷದ ಏಪ್ರಿಲ್‌ನಲ್ಲಿ 12 ಗಂಟೆಯ ಮಸೂದೆ ಪಾಸು ಮಾಡಿ, ಕಾರ್ಮಿಕ ಸಂಘಗಳು ಎದ್ದು ನಿಂತ ಮೇಲೆ ವಾಪಸ್ ತೆಗೆದುಕೊಂಡಿತು. ಇನ್ನು ಹೆಂಗಸರ ರಾತ್ರಿ ಪಾಳಿಯ ಮೇಲಿನ ನಿಷೇಧವನ್ನು ಮದ್ರಾಸ್ ಹೈಕೋರ್ಟ್ 2000ದಲ್ಲೇ ತಳ್ಳಿಹಾಕಿತ್ತು. 2025ರ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಂತೆ ಹೆಂಗಸರನ್ನು ರಾತ್ರಿ ಕೆಲಸಕ್ಕೆ ಕರೆಯಲು ಅವರ ಒಪ್ಪಿಗೆ ಬೇಕು. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಕೊಡಬೇಕು ಎಂದೂ ಸರ್ಕಾರ ಹೇಳಿದೆ.

12 ಗಂಟೆಯ ಶಿಫ್ಟ್ ಎಂದರೆ ಏನು ಎಂದು ಕೂಡಿಸಿ ನೋಡಿ. ಹೊಸೂರಿನಿಂದ ಹೋಗಿ ಬರುವುದಕ್ಕೆ ಎರಡು ಗಂಟೆ. ನಿದ್ದೆಗೆ ಏಳು. ಉಳಿಯುವುದು ಮೂರು ಗಂಟೆ. ಸ್ನಾನ, ಅಡುಗೆ, ಊಟ, ಮಕ್ಕಳು ಎಲ್ಲ ಅದರಲ್ಲೇ. ಅಂಥ ದಿನ ವ್ಯಾಯಾಮ ಆಗುವುದಿಲ್ಲ, ಆಗಬೇಕೆಂದು ಕೇಳುವುದೂ ತಪ್ಪು. ವಾರಕ್ಕೆ ನಾಲ್ಕೇ ದಿನ ಕೆಲಸ, ಮೂರು ದಿನ ರಜೆ ನಿಜವಾಗಿಯೂ ಸಿಕ್ಕರೆ ಆ ಮೂರರಲ್ಲಿ ಎರಡು ದಿನ ಚೆನ್ನಾಗಿ ಮಾಡಬಹುದು. ರಜೆಯ ದಿನಕ್ಕೆ ಓಟಿ (ಓವರ್‌ಟೈಮ್) ಕರೆದರೆ ಅದೂ ಹೋಯಿತು. ಕೈಯಲ್ಲಿ ಸಾಲ ಇರುವವರು ಓಟಿ ಬೇಡ ಎನ್ನುವುದೂ ಕಷ್ಟವೇ ಅಲ್ವಾ?

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಿಪಿ ಇರುವವರು, ಗರ್ಭಿಣಿಯರು ಡಾಕ್ಟರ್ ಹತ್ತಿರ ಶಿಫ್ಟ್ ವಿಷಯ ಬಿಡಿಸಿ ಹೇಳಿ ವ್ಯಾಯಾಮದ ಹೊತ್ತು ಗೊತ್ತುಮಾಡಿಕೊಳ್ಳಬೇಕು. ‘ಬೆಳಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆದುಕೊಟ್ಟ ಮಾತ್ರೆಯನ್ನು ನೈಟ್ ವಾರದಲ್ಲಿ ಯಾವಾಗ ನುಂಗಬೇಕು ಎಂದು ಬಹಳ ಜನ ಕೇಳುವುದೇ ಇಲ್ಲ. ಎದೆ ಹಿಡಿದಂತಾದರೆ ಅದು ನಿದ್ದೆಗೆಟ್ಟ ಸುಸ್ತು ಎಂದುಕೊಂಡು ಕೂರಬೇಡಿ.

ಕಂಪನಿಗಳು ಯೋಗ ದಿನಕ್ಕೆ ಟೀಶರ್ಟ್ ಹಂಚುತ್ತವೆ. ಅದು ಬೇಡ ಎನ್ನುವುದಿಲ್ಲ. ಆದರೆ ಕೇಳಬೇಕಾದದ್ದು ಬೇರೆ ಇದೆ. ಶಿಫ್ಟ್ ಪಟ್ಟಿ ಭಾನುವಾರ ಸಂಜೆ ಫೋನಿಗೆ ಬರುವ ಬದಲು ಒಂದು ತಿಂಗಳ ಮೊದಲೇ ಬರಲಿ. ಫಸ್ಟ್ ಆದ ಮೇಲೆ ಸೆಕೆಂಡ್, ಸೆಕೆಂಡ್ ಆದ ಮೇಲೆ ನೈಟ್ ಎಂದು ಮುಂದಕ್ಕೆ ಸರಿಯಲಿ. ನಮ್ಮ ಮೈಯ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನ, ಅದಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ನೈಟ್ ಮುಗಿದ ಮೇಲೆ ಎರಡು ರಾತ್ರಿಯ ಬಿಡುವು ಇರಲಿ. ಇವುಗಳಲ್ಲಿ ಮೊದಲ ಎರಡಕ್ಕೆ ಕಂಪನಿಗೆ ಹೆಚ್ಚು ಖರ್ಚೂ ಇಲ್ಲ. ಪಟ್ಟಿ ಮಾಡುವವರು ಮುಂಚೆ ಕೂತು ಮಾಡಬೇಕು, ಅಷ್ಟೇ.